ಕೌದಿಯ ಹೊಟ್ಟೆಯೊಳಗಿನ ಹೋಳಿಗೆ

ಮೈಸೂರಿಗೆ ಹೋಗಬೇಕೆಂದು ಗೋಕಾಕಿನ ಪೇಟೆಯಲ್ಲಿ ನಾನು ಕೆಂಪು ಬಣ್ಣದ ಬ್ಯಾಗೊಂದನ್ನು ಕೊಂಡಿದ್ದೆ. ಒಂದು ತಿಂಗಳು ನಮ್ಮ ಮನೆಯವರಿಗೆ ರೊಟ್ಟಿ ಬಡಿದು ಕೊಡುವಂತೆ ನೆಗೆಣ್ಣಿಯನ್ನು ಒಪ್ಪಿಸಿಯೂ ಆಗಿತ್ತು. ಆ ಬ್ಯಾಗು ಇವತ್ತಿಗೂ ನಮ್ಮ ಅಟ್ಟದ ಮೇಲಿದೆ. ಅದರ ತುಂಬ ಹಳೆಯ ಸ್ವೆಟರುಗಳಿವೆ. ಮೈಸೂರಿಗೆ ಹೋದವಳು ಬೇರೆಯವಳು.

ತೊಂಬತ್ತರ ದಶಕದ ಮೊದಲಲ್ಲಿ ನಮ್ಮ ಊರಿನ ಇತಿಹಾಸ ಮಂಡಳಿಯವರು ವಾಚನಾಲಯದ ಕೆಳಗಿನ ಎರಡು ಖೋಲಿಗಳಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದರು. ಹೆಸರು ಅಷ್ಟುದ್ದ, ಊರವರ ಬಾಯಲ್ಲಿ ಮಾತ್ರ ಅದು 'ಹಳೀ ಸಾಮಾನದ ಮನಿ'. ಎರಡು ವೀರಗಲ್ಲು, ತಾಮ್ರದ ಹಂಡೆಗಳು, ಸೇರು-ಪಾವು, ತುಕ್ಕು ಹಿಡಿದ ಕತ್ತಿ, ನಮ್ಮೂರಿನ ಬಣ್ಣದ ಮರದ ಗೊಂಬೆಗಳು. ಬಾಗಿಲು ತೆಗೆದ ದಿನದಿಂದ ಅದನ್ನು ನೋಡಿಕೊಂಡವಳು ನಾನು. ಕೀಲಿ ನನ್ನ ಸೊಂಟದಲ್ಲಿರುತ್ತಿತ್ತು. ಹಂಡೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ, ವೀರಗಲ್ಲಿಗೆ ಎಣ್ಣೆ ಸವರುತ್ತಿದ್ದೆ, ಸಾಲಿ ಮಕ್ಕಳು ಬಂದರೆ ಗಂಟಲು ಹರಿಯುವಂತೆ ಕಥೆ ಹೇಳುತ್ತಿದ್ದೆ. ಸಾಮಾನು ಕಡಿಮೆ ಬಿತ್ತೆಂದು ನಮ್ಮ ಅವ್ವನ ಕೌದಿಯನ್ನೂ ತಂದು ಕೊಟ್ಟಿದ್ದೆ. ನನ್ನ ಮೊದಲ ಬಾಣಂತನಕ್ಕೆಂದು ಅವ್ವ ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು ಅದು. ಹೊಲಿದು ಮುಗಿಸಿದ ಮೇಲೆ ಆಕೆ ಬಹಳ ದಿನ ಉಳಿಯಲಿಲ್ಲ. ಆ ಕೌದಿಯನ್ನು ಹೊದೆಯಲು ನನಗೆ ಮನಸ್ಸೇ ಬರಲಿಲ್ಲ. ಒಮ್ಮೆಯೂ ನೀರು ಮುಟ್ಟಿಸದೆ ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದೆ.

ಕೆಲಸ ಹೆಚ್ಚಾದಾಗ ಮಂಡಳಿಯವರು ಮೂಡಲಗಿಯ ಹುಡುಗಿಯೊಬ್ಬಳನ್ನು ನನ್ನ ಕೈಕೆಳಗೆ ತೆಗೆದುಕೊಂಡರು. ಜೈನರ ಮನೆಯವಳು, ತಂದೆಯದು ಅರಿವೆಯ ಅಂಗಡಿ. ಮರಾಠಿ, ಹಿಂದಿ, ಒಂದಿಷ್ಟು ಇಂಗ್ಲಿಷು ಎಲ್ಲವೂ ಬರುತ್ತಿತ್ತು. ತಾಯಿಯಿಲ್ಲದ ಹುಡುಗಿ ಎಂದು ಮೊದಮೊದಲು ನಾನೇ ನನ್ನ ಡಬ್ಬಿಯ ಬುತ್ತಿ ಹಂಚಿ ತಿನ್ನಿಸಿದ್ದೆ. ಉಳ್ಳಾಗಡ್ಡಿ ಹಾಕದ ಪಲ್ಯವನ್ನು ಅವಳಿಗಾಗಿ ಬೇರೆ ಕಟ್ಟುತ್ತಿದ್ದೆ. ಹಾವಿಗೆ ಹಾಲೆರೆದೆನೆಂದು ಆಮೇಲೆ ಅಂದುಕೊಂಡದ್ದುಂಟು.

ಸಣ್ಣ ಸಂಗ್ರಹಾಲಯಗಳಲ್ಲಿ ದುಡಿಯುವವರಿಗೆ ಮೈಸೂರಿನಲ್ಲಿ ಒಂದು ತಿಂಗಳ ತರಬೇತಿ ಇದೆ, ನಮ್ಮ ಮಂಡಳಿಯಿಂದ ಒಬ್ಬರು ಬರಬಹುದು ಎಂದು ತಿಳಿದ ದಿನವೇ ನಾನು ಬ್ಯಾಗು ಕೊಂಡದ್ದು. ಒಬ್ಬರು ಎಂದರೆ ಇನ್ನಾರು? ನಾನೇ. ಆದರೆ ಮಂಡಳಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರರು, ನನ್ನನ್ನು ಕರೆದು ಕನ್ನಡಕ ಒರೆಸುತ್ತ ಕೂತರು.

"ಬಾಯಾರ, ನೀವು ಮನಿ-ಮಕ್ಕಳ ಇದ್ದವರು. ಒಂದು ತಿಂಗಳ ಹೆಂಗ ಬಿಟ್ಟ ಹೋಗ್ತೀರಿ? ಆ ಹುಡಿಗಿಗೆ ಇಂಗ್ಲಿಷ್ ಬರ್ತೈತಿ. ಆಕಿ ಕಲತು ಬಂದು ನಿಮಗೂ ಕಲಸ್ತಾಳ ಬಿಡ್ರಿ."

"ಆಗಲಿ ಸರ್, ಚಲೋ ಆತು" ಎಂದೆ. ಚಲೋ ಏನು ಬಂತು ಮಣ್ಣು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತನ್ನು ಕಟ್ಟಿದವರು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು. ಅವಳನ್ನು ಕಳಿಸಲು ಬಸ್‌ಸ್ಟ್ಯಾಂಡಿಗೂ ಹೋದೆ. ಕರದಂಟಿನ ಡಬ್ಬಿ ಕೈಗಿಟ್ಟು, "ಅಲ್ಲಿ ಎಲ್ಲಾರಿಗೂ ಕೊಡವಾ, ನಮ್ಮ ಊರಿನ ಹೆಸರು ಉಳಸು" ಎಂದು ನಕ್ಕೆ. ಘಟಪ್ರಭೆಯ ಸ್ಟೇಷನ್ನು ಮುಟ್ಟುವುದರೊಳಗೆ ಈ ಬಸ್ಸು ಕೆಟ್ಟು ನಿಲ್ಲಲಿ, ಇವಳ ರೈಲು ತಪ್ಪಲಿ ಎಂದು ಮನಸ್ಸು ಹೇಳುತ್ತಲೇ ಇತ್ತು. ಬಸ್ಸು ಕೆಡಲಿಲ್ಲ.

ತಿರುಗಿ ಬಂದವಳು ಬೇರೆಯೇ ಆಗಿದ್ದಳು. ಕೈಗೆ ಬಿಳಿ ಗ್ಲೌಸು. ಹಂಡೆಗಳಿಗೆ ಹುಣಸೆಹಣ್ಣು ಹಚ್ಚಬಾರದು, ತಾಮ್ರ ಸವೆಯುತ್ತದೆ. ವೀರಗಲ್ಲಿಗೆ ಎಣ್ಣೆ ಬೇಡ, ಧೂಳು ಅಂಟಿ ಕಪ್ಪಾಗುತ್ತದೆ. ಹುಳ ಬಾರದಿರಲೆಂದು ಅರಿವೆಗಳ ನಡುವೆ ಇಡುವ ಡಾಂಬರಗುಳಿಗೆ ಬೇಡ. ಗೊಂಬೆಗಳ ಮೇಲೆ ಬಿಸಿಲು ಬೀಳಬಾರದು. ಇಷ್ಟು ವರ್ಷ ನಾನು ಬೆವರು ಸುರಿಸಿ ಮಾಡಿದ್ದರಲ್ಲಿ ಬೇಕಾದದ್ದು ಒಂದೂ ಇರಲಿಲ್ಲ. ಅದನ್ನವಳು ಬೈದು ಹೇಳಿದ್ದರೆ ನಾನೂ ಬೈಯುತ್ತಿದ್ದೆ, ಹಗುರಾಗುತ್ತಿತ್ತು. "ಅಕ್ಕಾರ, ಹಿಂಗ ಮಾಡೋಣ್ರಿ?" ಎಂದು ಮೆತ್ತಗೆ ಕೇಳುತ್ತಿದ್ದಳು, ಹಾಳಾದವಳು. ಕಮಿಟಿಯ ಹಿರಿಯರು ಬಂದರೆ ಮೊದಲು ಅವಳನ್ನೇ ಕೇಳುತ್ತಿದ್ದರು. ಚಹಾ ಬೇಕಾದಾಗ ನನ್ನ ನೆನಪಾಗುತ್ತಿತ್ತು.

ನನಗೆ ಹೊಟ್ಟೆಕಿಚ್ಚು ಹತ್ತಿತ್ತು. ಬೇರೆ ಹೆಸರಿಟ್ಟು ಏನು ಮಾಡುವುದು? ಅವಳು ಹೊಸ ಶಬ್ದವೊಂದನ್ನು ಹೇಳಿದಾಗಲೆಲ್ಲ, ಇದು ನನ್ನ ಬಾಯಲ್ಲಿ ಇರಬೇಕಾಗಿತ್ತು ಎನ್ನಿಸುತ್ತಿತ್ತು. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಸಿಟ್ಟು ತೀರಿಸುತ್ತಿದ್ದೆ. ನಮ್ಮ ಮನೆಯವರು, "ಇವತ್ತ ರೊಟ್ಟಿ ಭಾಳ ತೆಳ್ಳಗ ಆಗ್ಯಾವಲ್ಲ" ಎಂದು ಮೆಚ್ಚಿಕೊಂಡು ತಿನ್ನುತ್ತಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಸುತ್ತಲಿನ ಊರುಗಳಲ್ಲಿ ಹಳೆಯ ಸಾಮಾನು ಕಾಯುವವರಿಗೆಲ್ಲ ಅವಳು ಹುಕ್ಕೇರಿಯಲ್ಲಿ ಒಂದು ದಿನ ಪಾಠ ಮಾಡಬೇಕೆಂದು ಅಧ್ಯಕ್ಷರು ಗೊತ್ತುಮಾಡಿದರು. ನಾನು ಜೊತೆಗೆ ಹೋಗಬೇಕು, ತೋರಿಸಲು ಒಂದು ವಸ್ತು ಒಯ್ಯಬೇಕು. ಯಾವುದೆಂದು ನನ್ನನ್ನೇ ಕೇಳಿದರು. ನಾನು ಕೌದಿಯನ್ನು ತೆಗೆದೆ. ಅದಕ್ಕೊಂದು ಲೆಕ್ಕಾಚಾರವಿತ್ತು. ಹಂಡೆ, ಕಲ್ಲುಗಳ ವಿಷಯದಲ್ಲಿ ಇವಳು ನನ್ನ ಬಾಯಿ ಮುಚ್ಚಿಸಿರಬಹುದು. ನಮ್ಮ ಅವ್ವನ ಕೌದಿಯ ವಿಷಯ ಮೈಸೂರಿನಲ್ಲಿ ಯಾರು ಹೇಳಿಕೊಟ್ಟಿರುತ್ತಾರೆ? ಅದರ ಒಳಗಿನ ಗುಟ್ಟನ್ನು ನಾನು ಸಾಲಿ ಮಕ್ಕಳಿಗೂ ಹೇಳಿರಲಿಲ್ಲ. ಎಲ್ಲರ ಎದುರು ಒಮ್ಮೆ ತಡವರಿಸಲಿ, ಸಾಕು. ಬಸ್ಸಿನಲ್ಲಿ ಧುಪದಾಳದ ಒಡ್ಡಿನ ನೀರು ಕಾಣುವವರೆಗೂ ಅದನ್ನೇ ನೆನೆಯುತ್ತ ಕೂತಿದ್ದೆ. ಅವಳು ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಹುಕ್ಕೇರಿಯಲ್ಲಿ ಶಾಲೆಯೊಂದರ ಕೋಣೆ. ಬಂದವರು ಬಹಳವಿರಲಿಲ್ಲ. ಬಸದಿಯ ತಾಮ್ರಪಟ ಕಾಯುವವರು, ಶಾಲೆಯಲ್ಲಿ ಹಳೆಯ ನಾಣ್ಯ ಕೂಡಿಟ್ಟ ಮಾಸ್ತರರು, ಗುಡಿಯ ಕತ್ತಿ-ಗುರಾಣಿ ನೋಡಿಕೊಳ್ಳುವ ಘೋಡಗೇರಿಯ ಒಬ್ಬ ಕಾಕಾ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅವಳು ಟೇಬಲ್ಲಿನ ಮೇಲೆ ಬಿಳಿ ಅರಿವೆ ಹಾಸಿ ಕೌದಿಯನ್ನು ಬಿಡಿಸಿದಳು. ಅಂಚಿನ ಮೇಲೆ ಬೆರಳಾಡಿಸುತ್ತ ಬಂದವಳು ಕೌದಿಯ ಒಂದು ಮೂಲೆಯಲ್ಲಿ ಬೆರಳು ನಿಲ್ಲಿಸಿದಳು.

"ಇಲ್ಲಿ ಒಳಗ ಏನೋ ಗಟ್ಟಿ ಐತಿ. ಅರಿವಿ ಅಲ್ಲ. ಏನ್ ಮಾಡಬೇಕ್ರಿ, ಹೇಳ್ರಿ ನೋಡೋಣ?"

"ಕತ್ತರಿಸಿ ತಗೀಬೇಕ್ರಿ" ಎಂದರು ನಾಣ್ಯದ ಮಾಸ್ತರರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ! ಎದ್ದು ನಿಂತೆ. "ಏನ್ ಕತ್ತರಸ್ತೀರಿ ಮಾಸ್ತರ? ಅದು ಹೋಳಿಗಿ. ಕೌದಿ ಹೊಲದ ಮುಗಿಸೋ ದಿವಸ ಹೋಳಿಗಿ ಮಾಡಿ, ಒಂದು ಚೂರು ಅದರೊಳಗ ಇಟ್ಟು ಮೂಲಿ ಹೊಲೀತಾರ. ಕೌದಿ ಹಸದಿರಬಾರದು. ಕೌದಿ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟಿನೂ ತುಂಬಿರತೈತಿ. ನಮ್ಮವ್ವ ಇಟ್ಟದ್ದು ಅದು. ಮೈಸೂರಾಗ ಇದನ್ನ ಹೇಳಿಲ್ಲೇನವಾ?"

ಕೊನೆಯ ಮಾತು ಅವಳಿಗೆ. ಹುಡುಗಿಯ ಮುಖ ಕೆಂಪಾಯಿತು. "ಇಲ್ರಿ ಅಕ್ಕಾರ" ಎಂದಳು.

"ಖರೆ ಐತಿ, ಖರೆ ಐತಿ" ಎಂದು ಘೋಡಗೇರಿಯ ಕಾಕಾ ಬೆಂಚು ಬಡಿದರು. "ನಮ್ಮವ್ವನೂ ಇಡತಿದ್ಲು. ಅದನ್ನ ಬಿಚ್ಚಬಾರದ್ರಿ, ಅಪಶಕುನ." ಎಲ್ಲರೂ ನನ್ನ ಕಡೆ ತಿರುಗಿ ಕೂತರು. ಅಷ್ಟು ದಿನಗಳ ಉರಿಯ ಮೇಲೆ ತಣ್ಣೀರು ಬಿದ್ದಂತಾಯಿತು. ದೇವರಾಣೆ, ಆ ಗಳಿಗೆಯಲ್ಲಿ ಮೈಸೂರು ನನಗೆ ಬೇಡವಾಗಿತ್ತು.

ಅವಳು ಆ ಮೂಲೆಯನ್ನು ಬೆಳಕಿಗೆ ಎತ್ತಿ ಹಿಡಿದಳು. ಬಿಳಿ ಅರಿವೆಯ ಮೇಲೆ ಕಂದು ಬಣ್ಣದ ಹಿಟ್ಟು ಉದುರಿತು. ಅದರ ಹಿಂದೆಯೇ ಹುಳ. ಸಣ್ಣವು, ಅಕ್ಕಿಯ ನುಚ್ಚಿನಂಥವು, ಹರಿದಾಡುತ್ತಿದ್ದವು. ಹತ್ತಿರ ಹೋಗಿ ನೋಡಿದೆ. ಮೂಲೆಯ ಹಸಿರು ತುಂಡು ಜರಡಿಯಾಗಿತ್ತು. ಅದರ ಪಕ್ಕದ ಇಳಕಲ್ ಸೀರೆಯ ತುಂಡಿನಲ್ಲೂ ತೂತು ಬಿದ್ದಿದ್ದವು. ಅದು ಅವ್ವ ತನ್ನ ಮದುವೆಯಲ್ಲಿ ಉಟ್ಟ ಸೀರೆ.

'ನೋಡಿದಿರಾ?' ಎಂದು ಅವಳು ಕೇಳಬಹುದಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಕೇಳುತ್ತಿದ್ದೆ. ಅವಳು ಮೂಲೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಹಿಂಗ ಬಿಟ್ರ ಪೂರಾ ಕೌದಿ ತಿಂದ ಬಿಡ್ತಾವ್ರಿ. ಆದ್ರ ಇದು ನಿಮ್ಮ ಅವ್ವನದು. ನೀವ ಹೇಳ್ರಿ ಅಕ್ಕಾರ. ಬ್ಯಾಡ ಅಂದ್ರ ಮಡಚಿ ಇಡ್ತೇನಿ."

ಬೇಡ ಎಂದರೆ ಸಾಕಿತ್ತು. ಕಾಕಾ ನನ್ನ ಕಡೆ, ಎಲ್ಲರೂ ನನ್ನ ಕಡೆ, ಗೆಲುವು ನನ್ನದು. ಆ ಗೆಲುವನ್ನು ಮನೆಗೊಯ್ದು ಹೊದ್ದುಕೊಳ್ಳಲೇನು? "ಬಿಚ್ಚು" ಎಂದೆ. "ದಾರ ಕತ್ತರಸಬ್ಯಾಡ. ಅವ್ವ ಎಳದ ದಾರ ಅದು."

"ಕತ್ತರಿ ಮುಟ್ಟೂದಿಲ್ರಿ."

ಮುಟ್ಟಲಿಲ್ಲ. ಮೊಂಡು ಸೂಜಿಯ ತುದಿಯಿಂದ ಹೊಲಿಗೆಯ ಒಂದೊಂದೇ ಟಾಕಾ ಎತ್ತಿ, ಉಸಿರು ಬಿಗಿಹಿಡಿದು, ದಾರವನ್ನು ಹಿಂದಕ್ಕೆ ಎಳೆಯುತ್ತ ಹೋದಳು. ಎಲ್ಲಿಯೂ ಹರಿಯಲಿಲ್ಲ. ನಾನು ಅಳುತ್ತಿದ್ದೆ, ಅಳುತ್ತಲೇ ಆ ಕೈಗಳನ್ನು ನೋಡಿ ಕರುಬುತ್ತಿದ್ದೆ. ಅವ್ವನ ಕೌದಿಯನ್ನು ಹೀಗೆ ಬಿಚ್ಚುವ ಕೈ ನನ್ನದಾಗಬೇಕಿತ್ತು. ಒಂದು ತಿಂಗಳು ಕೊಟ್ಟಿದ್ದರೆ ಆಗುತ್ತಿತ್ತು. ಕೊನೆಗೆ ಗಂಟು ಬಂದಾಗ ಅವಳು ನಿಂತಳು. "ಇದೊಂದು ಬರವಲ್ದ್ರಿ." ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿ ಉಗುರಿನಿಂದ ಬಿಡಿಸಿದೆ. ಅವ್ವನ ಗಂಟು ಅದು, ಎಳೆದಷ್ಟೂ ಬಿಗಿಯುತ್ತಿತ್ತು. ಬಿಚ್ಚುವುದು ಗೊತ್ತಿದ್ದದ್ದು ಮನೆಯಲ್ಲಿ ನನಗೊಬ್ಬಳಿಗೇ. ಒಳಗೆ ಹೋಳಿಗೆ ಉಳಿದಿರಲಿಲ್ಲ. ಹಿಟ್ಟು ಮತ್ತು ಹುಳದ ಪೊರೆ, ಅಷ್ಟೇ.

ಊರಿಗೆ ಬಂದ ಮೇಲೆ ಅವಳು ಕೌದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಹುಳ ಸಾಯುವವರೆಗೆ ಕೆಲವು ವಾರ ಮುಟ್ಟಬಾರದೆಂದು ಕಟ್ಟಿಟ್ಟಳು. ಆ ವಾರಗಳಲ್ಲಿ ನನಗೆ ಊಟ ಸೇರಲಿಲ್ಲ. ಅವ್ವನ ಕೌದಿ ಹಸಿದು ಕೂತಿದೆ, ನಾನು ಹೇಗೆ ಉಣ್ಣಲಿ? ಯಾರಿಗೆ ಹೇಳಿದರೂ ನಗುವ ಮಾತು. ಅವಳಿಗೆ ಹೇಳಿದೆ. ಅವಳು ನಗಲಿಲ್ಲ. "ತಿನ್ನೂದು ಇಡಾಕ ಬರೂದಿಲ್ರಿ. ಅರಿವಿ ಇಡಬಹುದು" ಎಂದಳು.

ಕೌದಿಯನ್ನು ಪ್ಲಾಸ್ಟಿಕ್ಕಿನಿಂದ ಹೊರತೆಗೆದ ದಿನ ಹಳದಿ ಅರಿವೆಯ ಒಂದು ತುಂಡನ್ನು ಒಗೆದು ಒಣಗಿಸಿ ತಂದೆ. ದುಂಡಗೆ ಕತ್ತರಿಸಿ, ಮಡಚಿ, ಅಂಗೈಯಗಲದ ಹೋಳಿಗೆ ಮಾಡಿದೆ. ಮೂಲೆಯೊಳಗೆ ಇಟ್ಟು, ಅವ್ವನದೇ ದಾರವನ್ನು ಸೂಜಿಗೆ ಪೋಣಿಸಿದೆ. ಅವಳು ಬಾಜೂ ಬಂದು ಕೂತಳು. ನಾನು ಬೆನ್ನು ತಿರುಗಿಸಿದೆ. ನೀ ನಿನ್ನ ಮೈಸೂರು ಇಟ್ಟುಕೋ, ಇದು ನನ್ನದು.

ಬೆನ್ನ ಹಿಂದಿನಿಂದ ಅವಳ ದನಿ ಬಂತು. "ಅಕ್ಕಾರ, ಮೈಸೂರಾಗ ಮೊದಲನೇ ದಿನ ಎಲ್ಲಾರೂ ತಮ್ಮ ಮನ್ಯಾಗಿನ ಒಂದು ಹಳೀ ಸಾಮಾನದ ಬಗ್ಗೆ ಹೇಳಬೇಕಿತ್ರಿ. ನಮ್ಮದು ಅರಿವಿ ಅಂಗಡಿ. ಎಲ್ಲಾ ಹೊಸಾದ, ಹಳೀದ ಯಾರ ಜೋಡಸ್ತಾರ್ರಿ? ನಾ ಈ ಕೌದಿ ಬಗ್ಗೆ ಹೇಳಿದೆ. ನೀವು ಸಾಲಿ ಹುಡುಗರಿಗೆ ಹೇಳ್ತೀರಲ್ಲ, ಹಂಗ. ನಮ್ಮವ್ವ ನನಗ ಹೊಲದಾಳ ಅಂದೆ."

ಸೂಜಿ ಬೆರಳಿಗೆ ಚುಚ್ಚಿತು. "ನಮ್ಮವ್ವನ್ನ ನಿಮ್ಮವ್ವ ಅಂದೀಯೇನ? ನನ್ನ ಜಾಗಾ ತಗೊಂಡಿ, ಕೆಲಸ ತಗೊಂಡಿ, ಅವ್ವನ್ನೂ ತಗೊಂಡ ಹೋದಿ?"

"ಹೌದ್ರಿ" ಎಂದಳು. "ನೀವು ಆ ಕೌದಿ ತೋರಿಸಿ ಕಥಿ ಹೇಳುವಾಗೆಲ್ಲ ನನಗ ಹೊಟ್ಟಿಕಿಚ್ಚು ಆಗತಿತ್ರಿ."

ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟು ಚೀಪಿದೆ. ನನ್ನಲ್ಲಿ ಕರುಬುವಂಥದ್ದು ಏನಾದರೂ ಇದೆಯೆಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಸಿಟ್ಟು ಹೋಗಿತ್ತೆಂದಲ್ಲ, ಅದರ ಪಕ್ಕದಲ್ಲಿ ಒಂದು ಖುಷಿಯೂ ಬಂದು ಕೂತಿತ್ತು.

"ಮುಂದಕ್ಕ ಸರಿ" ಎಂದು ತಿರುಗಿ ಕೂತೆ. "ಸೂಜಿ ಹಿಂಗ ಹಿಡಿ. ದಾರ ಜಗ್ಗಬ್ಯಾಡ." ಅವಳ ಮೊದಲ ಟಾಕಾ ವಕ್ರವಾಯಿತು, ನನಗೆ ಸಮಾಧಾನವಾಯಿತು. ಎರಡನೆಯದು ನನ್ನದಕ್ಕಿಂತ ನೇರವಾಗಿತ್ತು. ಮತ್ತೆ ಹೊಟ್ಟೆ ಉರಿಯಿತು. ಹಾಗೇ ಹೊಲಿಯುತ್ತ ಹೋದೆವು.

ಕೊನೆಯ ಗಂಟು ಹಾಕುವಾಗ ಮಾತ್ರ ಕೌದಿಯನ್ನು ನನ್ನ ಕಡೆ ಎಳೆದುಕೊಂಡು ಸೆರಗು ಅಡ್ಡ ಹಿಡಿದೆ. "ಅದನ್ನೂ ತೋರಸ್ರಲಾ ಅಕ್ಕಾರ" ಎಂದಳು. ಆಮೇಲೆ ಎಷ್ಟೋ ವರ್ಷ ಕೇಳಿದಳು. ದೊಡ್ಡ ಊರಿನ ದೊಡ್ಡ ಸಂಗ್ರಹಾಲಯಕ್ಕೆ ಹೋದ ಮೇಲೂ, ಬಂದಾಗಲೆಲ್ಲ ಕೇಳುತ್ತಾಳೆ. ಆ ಗಂಟನ್ನು ನಾನು ಹೇಳಿಕೊಟ್ಟಿಲ್ಲ. ಮೈಸೂರನ್ನು ನಾನಿನ್ನೂ ನೋಡಿಲ್ಲ.