ಲೆನ್ಸಿಗೆ ಹಿಡಿದ ಬೂಷ್ಟು

ಲಕ್ಷ್ಮೀಪುರಂನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ನನ್ನ ಅಣ್ಣನ ಐದು ರೀಲ್ ಕ್ಯಾಮೆರಾಗಳು ಸಾಲಾಗಿ ಕೂತಿದ್ದವು. ಹೋದ ತಿಂಗಳು ನಾನೇ ಅಲ್ಲಿ ಮಾರಿದ್ದೆ. ಈಗ ಒಂದೊಂದರ ಬೆಲೆಯೂ ಐದಕ್ಕೂ ಸೇರಿಸಿ ನನಗೆ ಕೊಟ್ಟಿದ್ದಕ್ಕಿಂತ ಹೆಚ್ಚಿತ್ತು.

“ಲೆನ್ಸಿಗೆಲ್ಲ ಬೂಷ್ಟು ಹಿಡಿದಿದೆ ಅಂದ್ರಲ್ಲ, ಈಗ ಎಲ್ಲಿ ಹೋಯ್ತು?” ಎಂದು ಕೇಳಿದೆ.

“ಒರೆಸಿದ್ವಿ, ಹೋಯ್ತು ಕಣಮ್ಮ. ನೀವೂ ನೋಡಿ ಹೂಂ ಅಂದ್ರಲ್ಲ!” ಎಂದು ಅಂಗಡಿಯವರು ನಕ್ಕರು.

ಮೈಯೆಲ್ಲ ಉರಿಯಿತು. ಇಲ್ಲದ ಬೂಷ್ಟು ತೋರಿಸಿ ಬೆಲೆ ಇಳಿಸಿದವರಿಗೆ ನಗಲು ನಾಚಿಕೆಯೂ ಆಗಲಿಲ್ಲ. ಆದರೆ ನಾನು ಹೂಂ ಅಂದದ್ದು ನಿಜ. ಅವರು ಲೆನ್ಸನ್ನು ಬೆಳಕಿಗೆ ಹಿಡಿದಾಗ ನನಗೆ ಏನೂ ಕಂಡಿರಲಿಲ್ಲ. ಏಳನೇ ಕ್ಲಾಸಿಗೇ ಓದು ಬಿಟ್ಟವಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಅಂದುಕೊಂಡಾರೆಂದು ತಲೆಯಾಡಿಸಿದ್ದೆ. ಪಾರ್ಶ್ವವಾಯು ಬಡಿದು ಮನೆಯಲ್ಲೇ ಇರುವ ಅಣ್ಣ, “ಕೊಡೋ ಮುಂಚೆ ನಂಗೊಂದು ಫೋನ್ ಮಾಡು” ಅಂದಿದ್ದ. ಅದನ್ನೂ ಮಾಡಲಿಲ್ಲ.

ಅವತ್ತು ಮನೆಗೆ ಬಂದು ದುಡ್ಡು ಕೈಗಿಟ್ಟಾಗ ಅವನು, “ನೀನು ನೋಡಿ ಕೊಟ್ಟಿದ್ದೀಯಲ್ಲ, ಸರಿಯಾಗೇ ಇರುತ್ತೆ ಬುಡು” ಅಂದ. ಅಣ್ಣ ದಿನವೂ ಈ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾನೆ. ಎದುರು ನಿಂತು ಹೇಳಲಾಗದೆ ಇಲ್ಲಿ ಬರೆದಿದ್ದೇನೆ.