ಮಾವ ಇಸ್ತ್ರಿ ಹಾಕಿದ ನನ್ನ ಇಸಿಜಿ

ಕಾರ್ಕಳದ ಖೋ ಖೋ ಮೈದಾನದಲ್ಲಿ ನನ್ನ ಹೃದಯ ನನಗೇ ಹೊಡೆಯಲು ಶುರು ಮಾಡಿತು.

ಸಣ್ಣ ಪೆಟ್ಟಲ್ಲ. ಕೋಳಿ ಅಂಕದ ಹುಂಜದ ಕಾಲಿಗೆ ಕತ್ತಿ ಕಟ್ಟಿ, ಅದನ್ನು ನನ್ನ ಪಕ್ಕೆಲುಬಿನ ಗೂಡಿನೊಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿದ ಹಾಗೆ. ಕುತ್ತಿಗೆಯ ನರ ಹಾರುವ ರಭಸಕ್ಕೆ ಕೊರಳಿನ ಸರ ತಾನಾಗಿ ಕುಣಿಯುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಹುಡುಗಿಗೆ ಶಬ್ದ ಕೇಳಿಸಿತು ಎಂದು ನಾನು ಹೇಳುತ್ತೇನೆ. ಅವಳು ಇಲ್ಲ ಎನ್ನುತ್ತಾಳೆ. ಅವಳಿಗೆ ಕಿವಿ ಮಂದ.

ನಾನು ಬಿದ್ದೆ.

ಯಾರೂ ಓಡಿ ಬರಲಿಲ್ಲ. ಪಿಯುಸಿಗೆ ಸೇರಿದ ಮೇಲೆ ನಾನು ಮೈದಾನದಲ್ಲಿ ಹಲವು ಸಲ ಸತ್ತಿದ್ದೆ. ಸೋಲುವ ಹೊತ್ತಿಗೆ ಸರಿಯಾಗಿ ಕಣ್ಣು ಮೇಲೆ ಮಾಡಿ ಬೀಳುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ತಾಲೂಕಿನಲ್ಲಿ ಇಲ್ಲ. ಪಿಟಿ ಟೀಚರ್ ಬಂದು ಜಡೆ ಹಿಡಿದು ಎಳೆದರು.

“ಏಳು ಸುಮತಿ. ನಿನ್ನ ನಾಟಕ ನಮ್ಮೂರು ಕಾಪುವಿನಲ್ಲಿ ಇಟ್ಟುಕೋ. ಇಲ್ಲಿ ಬೇರೆ ಕಾಲೇಜಿನವರು ನೋಡ್ತಾ ಇದ್ದಾರೆ.”

“ಟೀಚರ್, ಇದು ಒರಿಜಿನಲ್,” ಎಂದೆ. ಎಂದವಳೇ ಅವರ ಬಿಳಿ ಕ್ಯಾನ್ವಾಸ್ ಶೂ ಮೇಲೆ ವಾಂತಿ ಮಾಡಿದೆ. ಆಗ ನಂಬಿದರು.

ಪೇಟೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಎದೆಗೆ ರಬ್ಬರ್ ಬಲ್ಬು ಅಂಟಿಸಿ ಇಸಿಜಿ ತೆಗೆದರು. ಬಿಸಿ ಸೂಜಿಯೊಂದು ಮೇಣದ ಕಾಗದವನ್ನು ಸುಡುತ್ತ ಕಪ್ಪು ಗೆರೆ ಎಳೆಯಿತು. ಆಮೇಲೆ ಅವರು ವೇಗ ಇಳಿಸಲು ನನ್ನ ಕುತ್ತಿಗೆಯ ನರ ಹಿಸುಕಿದರು. ಕೊಲೆ ಮಾಡುವವರೂ ಅಷ್ಟು ಮನಸ್ಸಿಟ್ಟು ಹಿಸುಕಲಿಕ್ಕಿಲ್ಲ. ಹೃದಯ ತಟ್ಟನೆ ಸರಿಯಾಯಿತು.

ಸುದ್ದಿ ಕೇಳಿ ಓಡಿ ಬಂದ ಅಪ್ಪನ ಕೈಗೆ ಆ ಉದ್ದ ಪಟ್ಟಿಯನ್ನು ಕೊಟ್ಟರು. “ನಾಳೆಯೇ ಮಣಿಪಾಲಕ್ಕೆ ಹೋಗಿ. ಹುಡುಗಿಗಿಂತ ಈ ಕಾಗದದ ಮೇಲೆ ಜಾಗ್ರತೆ. ಅಟ್ಯಾಕ್ ಇರುವಾಗ ತೆಗೆದದ್ದು ಇದೊಂದೇ.”

ಅಪ್ಪ ಅದನ್ನು ಅಂಗಿಯ ಕಿಸೆಯಲ್ಲಿಟ್ಟರು. ಬಸ್ಸಿನ ನೂಕುನುಗ್ಗಲಿನಲ್ಲಿ ಅದು ಹಿಂಡಿದ ಕರವಸ್ತ್ರದ ಹಾಗಾಯಿತು.

ಮರುದಿನ ಬೆಳಿಗ್ಗೆ ಅಪ್ಪ, ಅಮ್ಮ, ನಾನು ಕಟಪಾಡಿಯಲ್ಲಿ ಇಳಿದೆವು. ಅಲ್ಲಿ ಅಮ್ಮನ ತಮ್ಮ, ನನ್ನ ಮಾವ, ಟೈಲರ್. ಮಣಿಪಾಲದ ಗುರುತು ಪರಿಚಯ ಇರುವುದು ಅವರಿಗೆ. ಅವರು ಕಾಗದ ನೋಡಿ ಮೂಗು ಮುರಿದರು.

“ಎಂತ ಭಾವ, ದೊಡ್ಡ ಡಾಕ್ಟರ ಕೈಗೆ ಇಂಥ ಸುಕ್ಕು ಕಾಗದ ಕೊಡುವುದಾ? ಟೈಲರ ಮನೆಯವರು ಅಂತ ಹೇಳಲಿಕ್ಕೆ ನಾಚಿಕೆ ಆಗ್ತದೆ. ಕೊಡಿ ಇಲ್ಲಿ.”

ತೆಂಗಿನ ಗೆರಟೆಯ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ. ಒಂದೇ ಎಳೆತ.

ಕಾಗದ ಕಪ್ಪಾಯಿತು.

ಬಿಸಿ ಸೂಜಿಯಿಂದ ಬರೆದ ಕಾಗದಕ್ಕೆ ಕೆಂಡ ತೋರಿಸಿದರೆ ಇನ್ನೇನಾಗಬೇಕು? ಅಪ್ಪ ಮಾವನ ಕಾಲರ್ ಹಿಡಿದರು. ಮಾವನ ಕೊರಳಿನ ಅಳತೆ ಟೇಪು ಅಪ್ಪನ ಕೈಗೆ ಸುತ್ತಿಕೊಂಡಿತು. ಬಿಡಬೇಕೆಂದರೂ ಬಿಡಲಾಗದೆ ಇಬ್ಬರೂ ಗುದ್ದಿಕೊಂಡರು. ಪೆಟ್ಟಿಗೆ ಉರುಳಿ ಯಾರದೋ ಮದುವೆ ಕೋಟಿನ ಬೆನ್ನಿಗೆ ತೂತು ಬಿತ್ತು. ಬಿಡಿಸಲು ಬಂದ ಆಟೋದವನಿಗೆ ಮೂಗಿನಲ್ಲಿ ರಕ್ತ.

“ನನ್ನ ಮಗಳ ಹೃದಯ ಸುಟ್ಟೆಯಲ್ಲಾ, ಪಾಪಿ!”

“ಹೃದಯ ಅವಳ ಹತ್ತಿರವೇ ಉಂಟು ಭಾವ! ಇದು ಕಾಗದ!”

ನಾನು ಬಟ್ಟೆಯ ರಾಶಿಯ ಮೇಲೆ ಬಿದ್ದು ನಕ್ಕೆ. ಮಣಿಪಾಲದಲ್ಲಿ ಆ ನಗು ಹೋಯಿತು.

ಹೊಸದಾಗಿ ತೆಗೆದ ಇಸಿಜಿ ಸರಿಯಾಗಿಯೇ ಬಂತು. ದೊಡ್ಡ ಡಾಕ್ಟರು ಸುಟ್ಟ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಾರ್ಕಳಕ್ಕೆ ಫೋನ್ ಮಾಡಿದರು. ಅಲ್ಲಿನ ಡಾಕ್ಟರಿಗೂ ಖಚಿತವಿರಲಿಲ್ಲ. ಅದಕ್ಕೇ ಇಲ್ಲಿಗೆ ಕಳಿಸಿದ್ದಂತೆ.

“ನೋಡಿ, ಈ ವೇಗ ಹೃದಯದ ಮೇಲಿನ ಕೋಣೆಯಿಂದ ಬಂದದ್ದಾದರೆ ಒಂದು ಇಂಜೆಕ್ಷನ್‌ಗೆ ನಿಲ್ಲುತ್ತದೆ. ಕೆಳಗಿನ ಕೋಣೆಯಿಂದ ಬಂದದ್ದಾದರೆ ಅದೇ ಇಂಜೆಕ್ಷನ್ ಇವಳನ್ನು ಕೊಲ್ಲಬಹುದು. ಯಾವುದು ಅಂತ ಹೇಳಬೇಕಾದದ್ದು ಈ ಪಟ್ಟಿ.”

ಈಗ ಯಾರೂ ಯಾರ ಕಾಲರನ್ನೂ ಹಿಡಿಯಲಿಲ್ಲ. ಮಾವ ಗೋಡೆಗೆ ಹಣೆ ಕೊಟ್ಟು ನಿಂತರು.

ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಒಬ್ಬರು ಹಳೆಯ ಇಸಿಜಿಗಳನ್ನು ಕೇಳಿಕೊಂಡು ಈ ಡಾಕ್ಟರ ಬಳಿಗೆ ಬರುತ್ತಿದ್ದರು. ನಮ್ಮನ್ನು ಅವರಲ್ಲಿಗೆ ಕಳಿಸಿದರು. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಒಳಗೆ ಹೆಣ ಇಡುವಷ್ಟು ತಂಪು. ಚಪ್ಪಲಿ ಬಿಟ್ಟದ್ದೇ ನೆಪ, ಅಮ್ಮ ಕಂಪ್ಯೂಟರಿಗೆ ಕೈ ಮುಗಿದರು.

“ಮೇಲಿನ ಕ್ಯಾಮರಾ ಕಾಗದವನ್ನು ಚುಕ್ಕಿ ಚುಕ್ಕಿಯಾಗಿ ನೋಡ್ತದೆ,” ಲೆಕ್ಚರರ್ ಹೇಳಿದರು. “ಪ್ರತಿ ಚುಕ್ಕಿ ಎಷ್ಟು ಕಪ್ಪು ಅಂತ ಕಂಪ್ಯೂಟರಿನಲ್ಲಿ ಒಂದು ನಂಬರ್ ಆಗ್ತದೆ. ಕಾಗದದ ಚೌಕಗಳನ್ನು ಅಳಿಸಿ ಗೆರೆಯನ್ನು ಮಾತ್ರ ಉಳಿಸಿದರೆ, ಅದರ ಎತ್ತರ ಅಳೆದು ಪುನಃ ಸಿಗ್ನಲ್ ಮಾಡಬಹುದು.”

“ಇದು ಪೂರಾ ಕಪ್ಪೇ ಉಂಟಲ್ಲ ಸರ್,” ಎಂದರು ಅಪ್ಪ.

“ನಡುವೆ ಹೌದು, ಅದು ಹೋಯಿತು. ತುದಿ ನೋಡಿ, ಸ್ವಲ್ಪ ಕಂದು. ಅಲ್ಲಿ ಗೆರೆ ಒಂದು ಕೂದಲಿನಷ್ಟು ಹೆಚ್ಚು ಕಪ್ಪು ಇದ್ದರೆ ಸಾಕು.”

ಟಿವಿಯ ಪರದೆಯ ಮೇಲೆ ಮೊದಲು ಕೆಸರು ಗದ್ದೆ. ಅವರು ಒಂದು ನಂಬರ್ ಒತ್ತಿದರು. ಅದಕ್ಕಿಂತ ಕಡಿಮೆ ಕಪ್ಪು ಇರುವುದೆಲ್ಲ ಬಿಳಿಯಾಯಿತು. ಗೆರೆಯೂ ಹೋಯಿತು. ನಾನೇ ಸತ್ತೆ ಎಂಬಂತೆ ಅಮ್ಮ ಕಿರುಚಿದರು. ಇನ್ನೊಂದು ನಂಬರ್. ಮತ್ತೊಂದು. ಕಂದು ಮಬ್ಬಿನಿಂದ ಮೊಳೆಯಂಥ ಒಂದು ಚೂಪು ಎದ್ದಿತು. ಅದರ ಪಕ್ಕ ಇನ್ನೊಂದು. ನಡುವಿನ ಸುಟ್ಟ ಜಾಗವನ್ನು ಪ್ರೋಗ್ರಾಂ ತಾನೇ ಚಂದ ಮಾಡಿ ತುಂಬಿಸಿ, ಇಡೀ ಗೆರೆಯನ್ನು ಪ್ರಿಂಟರಿನಲ್ಲಿ ಕರಕರ ಹೊಡೆಯಿತು. ನಾನು ಚಪ್ಪಾಳೆ ತಟ್ಟಿದೆ.

ದೊಡ್ಡ ಡಾಕ್ಟರು ಬಂದು ನೋಡಿದರು. “ಈ ನಡುವಿನದ್ದು ಯಾರು ಬರೆದದ್ದು?”

“ಪ್ರೋಗ್ರಾಂ ಸೇರಿಸಿದ್ದು ಡಾಕ್ಟ್ರೇ.”

“ತೆಗೆಯಿರಿ. ಹುಡುಗಿಯ ಹೃದಯ ಬರೆದದ್ದು ಎಷ್ಟು ಉಂಟೋ ಅಷ್ಟೇ ಸಾಕು.”

ಪ್ರೋಗ್ರಾಂ ಪಾಪ, ನನ್ನ ಸ್ವಭಾವದ್ದೇ. ಗೊತ್ತಿಲ್ಲದಲ್ಲಿ ಸೇರಿಸಿ ಹೇಳಿತ್ತು. ಸೇರಿಸಿದ್ದನ್ನು ತೆಗೆದ ಮೇಲೆ ಉಳಿದದ್ದು ಕೆಲವೇ ಬಡಿತ. ಡಾಕ್ಟರು ಅವುಗಳ ಅಗಲವನ್ನು ಅಳೆದರು, ಪುನಃ ಅಳೆದರು.

“ಸಪೂರ ಉಂಟು. ಕೆಳಗಿನದ್ದಾದರೆ ಅಗಲ ಇರ್ತಿತ್ತು. ಮೇಲಿನ ಕೋಣೆಯೇ. ಹೆಚ್ಚುಕಡಿಮೆ ಖಂಡಿತ.”

“ಆ ಹೆಚ್ಚುಕಡಿಮೆ ಅಂದರೆ ಎಷ್ಟು ಡಾಕ್ಟ್ರೇ?” ಅಪ್ಪ ಕೇಳಿದರು. ಡಾಕ್ಟರು ನನಗೆ ಮಾತ್ರೆ ಬರೆದು, ನಮ್ಮ ಕಾಪುವಿನ ಡಾಕ್ಟರಿಗೆ ಇಂಜೆಕ್ಷನ್ ಹೆಸರು ಬರೆದು, ಪ್ರಿಂಟನ್ನು ಅದಕ್ಕೆ ಪಿನ್ ಮಾಡಿದರು.

ಕೆಲವು ವಾರ ಹೃದಯ ಸುಮ್ಮನಿತ್ತು. ಒಂದು ಮಧ್ಯಾಹ್ನ ಎಣ್ಣೆಯಲ್ಲಿ ಕರಿದ ಮಟ್ಟುಗುಳ್ಳ ಬದನೆಯ ಪೋಡಿ ಬಾಯಿಗಿಡುವಾಗ ಅಟ್ಯಾಕ್ ಬಂತು.

ಈ ಸಲ ಗುದ್ದು ಹೊಟ್ಟೆಯಿಂದ ಗಂಟಲಿನವರೆಗೆ. ಯಾರೋ ಒಳಗಿನಿಂದ ಎದೆಯ ಮೂಳೆಗೆ ಒದ್ದು ಹೊರಗೆ ಬರಲು ನೋಡುತ್ತಿದ್ದರು. ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರಲ್ಲಿಗೆ ಓಡಿದರು. ಪ್ರತಿ ಹೆಜ್ಜೆಗೆ ನನ್ನ ಹಲ್ಲು ನನ್ನ ನಾಲಗೆಯನ್ನೇ ಕಚ್ಚಿತು. ತುಟಿ ನೀಲಿಯಾಗಿದೆ ಎಂದು ಯಾರೋ ಹೇಳಿದರು. ಕಣ್ಣಿಗೆ ಕತ್ತಲೆ ಬದಿಯಿಂದ ನುಗ್ಗುತ್ತಿತ್ತು.

ಕಾಪುವಿನ ಡಾಕ್ಟರಲ್ಲಿ ಇಸಿಜಿ ಮಿಷಿನ್ ಇಲ್ಲ. ನಾಡಿ ಹಿಡಿದರು, ಲೆಕ್ಕಕ್ಕೆ ಸಿಗಲಿಲ್ಲ. ಕುತ್ತಿಗೆ ಹಿಸುಕಿದರು, ಈ ಸಲ ಹೃದಯ ಕೇಳಲಿಲ್ಲ. “ಮಣಿಪಾಲದವರೆಗೆ ತಡೆಯಲಿಕ್ಕಿಲ್ಲ,” ಎಂದು ಸಿರಿಂಜು ತುಂಬಿಸಿದರು. ತುಂಬಿಸಿ ನಿಂತರು. ಪ್ರಿಂಟನ್ನು ನೋಡಿದರು, ನನ್ನನ್ನು ನೋಡಿದರು.

“ಇದು ಸುಟ್ಟ ಕಾಗದದಿಂದ ತೆಗೆದದ್ದು ಅಲ್ವಾ?”

“ಹೌದು ಡಾಕ್ಟ್ರೇ,” ಎಂದರು ಅಪ್ಪ.

“ಹಾಕಿ,” ಎಂದೆ ನಾನು. ಬಾಯಲ್ಲಿ ರಕ್ತ ಇತ್ತು.

ಸೂಜಿ ನರದೊಳಗೆ ಹೋಯಿತು. ಅವರು ನಿಧಾನವಾಗಿ ದೂಡಿದರು. ಹೃದಯ ಒಂದು ಸಲ ಕತ್ತು ಹಿಸುಕಿದ ಹಾಗೆ ಒದ್ದಾಡಿತು.

ನಿಂತಿತು.

ನಾನು ದೇವರನ್ನೂ ಬೆಳಕನ್ನೂ ನೋಡಿದೆ ಎಂದು ಕಾಲೇಜಿನಲ್ಲಿ ಹೇಳಿದ್ದೇನೆ. ನೋಡಿದ್ದು ಸೀಲಿಂಗ್ ಫ್ಯಾನ್. ಅದು ತಿರುಗುತ್ತಿತ್ತು, ನನ್ನೊಳಗೆ ಏನೂ ತಿರುಗುತ್ತಿರಲಿಲ್ಲ. ಆಮೇಲೆ ಒಂದು ಗುದ್ದು. ತಡೆದು ಇನ್ನೊಂದು. ಆಮೇಲೆ ಎಲ್ಲರ ಹೃದಯದ ಹಾಗೆ.

ಡಾಕ್ಟರು ನನ್ನ ಮಣಿಕಟ್ಟು ಬಿಡದೆ ಸ್ಟೂಲಿನ ಮೇಲೆ ಕುಸಿದರು. “ಕೈ ಬಿಡಿ ಡಾಕ್ಟ್ರೇ, ಊರವರು ಮಾತಾಡ್ತಾರೆ,” ಎಂದೆ. ಅವರು ನಕ್ಕರು. ಕೈ ಬಿಡಲಿಲ್ಲ. ಅಮ್ಮ ಬಂದು ನನ್ನ ಭುಜಕ್ಕೆ ಪಟಪಟನೆ ಹೊಡೆದರು. “ಇನ್ನೊಮ್ಮೆ ಹೀಗೆ ಹೆದರಿಸು, ನಾನೇ ಕೊಂದು ಹಾಕ್ತೇನೆ.” ಹೊಡೆಯುತ್ತಲೇ ಅಳುತ್ತಿದ್ದರು.

ಈಗ ಮಾತ್ರೆ ತಪ್ಪಿಸುವುದಿಲ್ಲ. ಓಡುವ ಹಾಗಿಲ್ಲ, ಮೈದಾನದ ಬದಿಯಲ್ಲಿ ಕುಳಿತು ಎದುರಿನ ತಂಡದವರನ್ನು ಬೈಯುವ ಕೆಲಸ ನನ್ನದು. ಒಮ್ಮೊಮ್ಮೆ ಎದೆ ಒಂದು ಬಡಿತ ತಪ್ಪುತ್ತದೆ. ಆಗ ಬೈಗುಳವನ್ನು ಅರ್ಧಕ್ಕೆ ನಿಲ್ಲಿಸಿ ಕಾಯುತ್ತೇನೆ. ಮುಂದಿನದು ಬರುತ್ತದೆ.

ಇಷ್ಟರವರೆಗೆ ಬಂದಿದೆ.