ಮಳೆ ಬಂದ ಮೇಲೆ ಊಟ

ಅಪ್ಪನ ಕೋಣೆಯ ಬಾಗಿಲು ತೆಗೆದ ಕೂಡಲೇ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ದಿನ ಒಂದು ಅಡ್ಡಮಳೆ ಬಿದ್ದಿತ್ತು, ಅಷ್ಟೇ. ಮೂಲೆಯ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿ, ಮುಟ್ಟಿದರೆ ಉದುರುತ್ತಿತ್ತು. ನೀವು ಸ್ವಂತ ಮನೆ ಕಟ್ಟಿಸಿದವರಾದರೆ ಆ ಹೊತ್ತಿನ ಸಂಕಟ ನಿಮಗೆ ಗೊತ್ತಿರುತ್ತದೆ. ಬಾಗಿಲು ಮುಚ್ಚಿಬಿಟ್ಟರೆ ತಾನೇ ಸರಿಹೋಗಬಹುದು ಎಂಬ ಹುಚ್ಚು ಆಸೆಯೂ ಗೊತ್ತಿರುತ್ತದೆ. ನಾನು ಎರಡು ಸಲ ಮುಚ್ಚಿ, ತೆಗೆದು ನೋಡಿದೆ.

ಕೊನೆಗೆ ಬೆಳಗಾವಿಯ ವಾಟರ್ ಪ್ರೂಫಿಂಗ್‌ನವರಿಗೆ ಫೋನ್ ಮಾಡಿದೆ. ನಾವಿರುವ ಬೈಲಹೊಂಗಲಕ್ಕೆ ಬರಲು ಅವರು ವಾರ ತೆಗೆದುಕೊಂಡರು. ಆ ವಾರವೆಲ್ಲ ನನಗೆ ಒಂದೇ ನಾಚಿಕೆ. ಮನೆ ಸೋರಿದ್ದಕ್ಕಲ್ಲ, ಸೋರುವ ಮನೆಗೆ ಹೊರಗಿನವರನ್ನು ಕರೆಸಿದ್ದಕ್ಕೆ. ನಮ್ಮ ಊರು ಚಚಡಿಯಲ್ಲಿ ಈ ಸುದ್ದಿ ಗೊತ್ತಾದರೆ, "ಮಾಳಿಗಿ ಬಸಪ್ಪನ ಮಗಳ ಮನಿ ಸೋರಾಕತ್ತೈತಂತ" ಎಂದು ಕಟ್ಟೆಯ ಮೇಲೆ ಕುಳಿತು ನಗುತ್ತಾರೆ. ನಕ್ಕರೆ ತಪ್ಪೂ ಇಲ್ಲ.

ಮಾಳಿಗಿ ಬಸಪ್ಪ ನಮ್ಮಪ್ಪ. ಮನೆಗಳ ಮಣ್ಣಿನ ಚಾವಣಿ, ಅಂದರೆ ಮಾಳಿಗೆ, ರಿಪೇರಿ ಮಾಡುವ ಗೌಂಡಿ. ಬೇಸಿಗೆ ಬಂತೆಂದರೆ ಚಚಡಿಯಿಂದ ಉಗರಗೋಳದವರೆಗೆ ಅವನದೇ ಕೊಡತಿಯ ಸದ್ದು. ಹಳೆಯ ಮಣ್ಣು ಕೆರೆದು, ಸವಳು ಮಣ್ಣು ಹರವಿ, ನೀರು ಚಿಮುಕಿಸಿ, ಕೊಡತಿಯಿಂದ ಬಡಿದು ಬಡಿದು ಹದಕ್ಕೆ ತರುತ್ತಿದ್ದ. ಬಿರುಕು ದೊಡ್ಡದಿದ್ದರೆ ಸುಣ್ಣ, ಮರಳಿಗೆ ಬೆಲ್ಲದ ನೀರು ಹಾಕಿ ಅರೆದ ಗಚ್ಚು. ಅಂಚನ್ನು ಮಾತ್ರ ಕರಣಿಯಿಂದ ಮುಗಿಸುತ್ತಿರಲಿಲ್ಲ. ಅವ್ವ ರೊಟ್ಟಿಯ ಅಂಚು ಒತ್ತಿದಂತೆ ಹೆಬ್ಬೆರಳಿಂದ ಒತ್ತುತ್ತ ಹೋಗುತ್ತಿದ್ದ.

ಅವನದೊಂದು ನೇಮವಿತ್ತು. ಕೆಲಸ ಮುಗಿದ ದಿನ ಆ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಮನೆಯಾಕೆ ತಾಟು ಹಿಡಿದುಕೊಂಡು ಬಂದು, "ಉಂಡ್ ಹೋಗೋ ಬಸಪ್ಪಣ್ಣ, ಹೋಳಿಗಿ ಮಾಡೇನಿ" ಎಂದರೆ, "ಮೊದಲ ಮಳಿ ಉಣ್ಣಾಕ ಬರಲವ್ವ, ಅದರ ಹಿಂದ ನಾ ಬರತೇನಿ" ಎನ್ನುತ್ತಿದ್ದ. ಮೊದಲ ಮಳೆ ಬಿದ್ದಾಗ ಹೇಳಿದಂತೆ ಹೋಗುತ್ತಿದ್ದ. ಮನೆಯೊಳಗೆ ನಿಂತು ಜಂತಿ ಜಂತಿಯ ನಡುವೆ ಕಣ್ಣಾಡಿಸಿ, ಒಂದು ಹನಿಯೂ ಇಲ್ಲ ಎಂದಾದ ಮೇಲೆ ಕೈ ತೊಳೆದುಕೊಂಡು ಕೂಡುತ್ತಿದ್ದ. ಸಣ್ಣಾಕಿ ಇದ್ದಾಗ ಕೇಳಿದ್ದೆ, ಹೋಳಿಗೆ ಯಾಕೆ ಬಿಟ್ಟು ಬಂದೆ ಎಂದು. "ಸೋರೂ ಮನ್ಯಾಗ ಗೌಂಡಿ ಉಂಡ್ರ ಸುಳ್ಳ ಸಾಕ್ಷಿ ಹೇಳಿದಂಗ, ತಂಗಿ" ಎಂದಿದ್ದ.

ಅಂಥವನ ಮಗಳು ನಾನು, ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಸ್ಸಿನಲ್ಲಿ ನಿಂತುಕೊಂಡು ಓದಿ ಗಳಿಸಿದ ಡಿಗ್ರಿ ಅದು, ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದು ಬೇರೆ. ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನಾನು 'ಒಕ್ಕಲುತನ' ಎಂದು ಬರೆಯುತ್ತಿದ್ದೆ. ನಮಗೆ ಒಂದು ಗುಂಟೆ ಹೊಲವೂ ಇರಲಿಲ್ಲ.

ಎಂಟು ವರ್ಷದ ಹಿಂದೆ ಈ ಮನೆ ಕಟ್ಟಿಸಿದೆವು. ಅವ್ವ ತೀರಿಕೊಂಡಿದ್ದಳು. ಅಪ್ಪನನ್ನು ನಮ್ಮಲ್ಲಿಗೇ ಕರೆತರುವುದೆಂದು ಒಂದು ಕೋಣೆಯನ್ನು ಅವನಿಗಾಗಿಯೇ ಮಾಡಿಸಿದ್ದೆ. ವಾಸ್ತುಶಾಂತಿಯ ದಿನ ಬೆಳಿಗ್ಗೆ ಅವನು ಯಾರಿಗೂ ಹೇಳದೆ ಒಂದು ಕೊಡ ನೀರು ಹೊತ್ತು ಮೇಲೆ ಹತ್ತಿದ. ಸ್ಲ್ಯಾಬಿನ ಮೇಲೆ ಸುರಿದು, ಅದು ಎತ್ತ ಹರಿಯುತ್ತದೆಂದು ಕುಕ್ಕರುಗಾಲಲ್ಲಿ ಕುಳಿತು ನೋಡಿದ. ಇಳಿದು ಬಂದು, "ನೀರು ಹೊರಗ ಬೀಳೂ ದೋಣಿ ಕಡೆ ಹೋಗವಲ್ದು. ಆ ಮೂಲ್ಯಾಗ ಕುಂದರತೈತಿ" ಎಂದ. ನಾನು ಕೆಲಸದಲ್ಲಿದ್ದೆ, ಕೇಳಿಯೂ ಕೇಳದಂತೆ ಹೋದೆ. ಊಟಕ್ಕೆ ಎಲ್ಲರನ್ನೂ ಕೂರಿಸಿದಾಗ ಅಪ್ಪನೊಬ್ಬ ಗೋಡೆಗೆ ಒರಗಿ ನಿಂತಿದ್ದ.

"ಕುಂದರಪ್ಪ, ಹುಗ್ಗಿ ಆರತೈತಿ."

"ಮಳಿ ಆಗ್ಲಿ, ಉಣ್ಣತೇನಿ."

ನನ್ನ ಜೊತೆಯ ಶಿಕ್ಷಕಿಯರೆಲ್ಲ ಕೈ ನಿಲ್ಲಿಸಿ ನೋಡಿದರು. ನನಗೆ ಮೈಯೆಲ್ಲ ಉರಿಯಿತು. "ಇದೇನು ಮಣ್ಣಿನ ಮಾಳಿಗಿ ಅಲ್ಲಪ್ಪ. ಎಂಜಿನಿಯರ್ ಪ್ಲ್ಯಾನ್ ಹಾಕಿ ಕಟ್ಟಿದ್ದು. ಇಷ್ಟ ಮಂದಿ ಮುಂದ ನನ್ನ ಮಾನ ಕಳೀಬ್ಯಾಡ, ಉಣ್ಣು" ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದ. ಕೈ ತೊಳೆದುಕೊಂಡು ಬಂದು ಕುಳಿತ. ಗೋಧಿ-ಬೆಲ್ಲದ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡ. ನಾನು ಗೆದ್ದೆ ಎಂದುಕೊಂಡೆ.

ಆ ಮಳೆಗಾಲದಲ್ಲಿ ಅವನು ತನ್ನ ಮಂಚವನ್ನು ಮೂಲೆಯಿಂದ ಎಳೆದು ಕೋಣೆಯ ನಡುವೆ ಹಾಕಿಕೊಂಡ. ಯಾಕೆಂದು ಕೇಳಿದರೆ, "ಇಲ್ಲಿ ಗಾಳಿ ಚಲೋ ಬರತೈತಿ." ಮುದುಕರ ಖಯಾಲಿ ಎಂದು ಬಿಟ್ಟೆ. ಆಮೇಲೆ ಬೆಲ್ಲದ ಡಬ್ಬಿ ಖಾಲಿಯಾಗತೊಡಗಿತು. ಅಷ್ಟರಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿತ್ತು. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಅರ್ಧ ಪೆಂಟೆ ಬೆಲ್ಲವೇ ಇಲ್ಲ.

"ಅಪ್ಪಾ, ಬೆಲ್ಲ ಎಲ್ಲಿ ಹೋತು?"

"ತಿಂದ್ಯವ್ವ. ಬಾಯಿ ಕೆಟ್ಟಿತ್ತು."

ಆಡಬಾರದ್ದನ್ನೆಲ್ಲ ಆಡಿದೆ. ಸಣ್ಣ ಹುಡುಗರಿಗಿಂತ ಕಡೆಯಾದೆಯಲ್ಲ ಎಂದೆ. ಡಬ್ಬಿಯನ್ನು ಅವನ ಕೈಗೆ ಎಟುಕದಂತೆ ಎಲ್ಲಕ್ಕೂ ಮೇಲಿನ ಹಲಗೆಗೆ ಏರಿಸಿದೆ. ಅವನು ತಲೆ ತಗ್ಗಿಸಿ ಉಗುರಿನ ಸಂದಿಯ ಬಿಳಿಯನ್ನು ಕೆರೆದುಕೊಳ್ಳುತ್ತ ಕುಳಿತಿದ್ದ. ತಂಬಾಕಿನ ಸುಣ್ಣ ಎಂದುಕೊಂಡೆ. ಹಾಗೆಯೇ ಇದ್ದ, ಮೂರು ವರ್ಷದ ಹಿಂದೆ ತೀರಿಕೊಂಡ. ಡಬ್ಬಿಯನ್ನು ನಾನು ಕೆಳಗಿಳಿಸಲಿಲ್ಲ, ರೂಢಿಯಾಗಿಬಿಟ್ಟಿತ್ತು.

ಬೆಳಗಾವಿಯಿಂದ ಬಂದವರು ಮೂವರು. ಮುಖ್ಯಸ್ಥ ಇಮ್ತಿಯಾಜ್, ನಲವತ್ತರ ಆಸುಪಾಸಿನವನು, ಗೋಡೆಯ ತೇವ ಅಳೆಯುವ ಯಂತ್ರ ತಂದಿದ್ದ. ಆದರೆ ಮೇಲೆ ಹತ್ತಿದವನು ಮೊದಲು ಮಾಡಿದ್ದೇನು ಗೊತ್ತೇ? ಪೈಪು ಹಿಡಿದು ನೀರು ಬಿಟ್ಟು, ಕುಕ್ಕರುಗಾಲಲ್ಲಿ ಕುಳಿತು ನೋಡಿದ. "ಮೇಡಂ, ನೀರು ಈ ಮೂಲ್ಯಾಗ ಕುಂದರತೈತ್ರಿ. ಕಟ್ಟುವಾಗ ಯಾರೂ ನೋಡಲಿಲ್ಲೇನ್ರಿ?"

ಅವನು ಪಾಚಿ ಕೆರೆಯುತ್ತ ಹೋದವನು ನಿಂತ. "ಇಲ್ಲಿ ಯಾರೋ ತೇಪಿ ಹಾಕ್ಯಾರ್ರಿ. ಸಿಮೆಂಟ್ ಅಲ್ಲ ಇದು, ಬೆಲ್ಲದ ಗಚ್ಚು. ಬಣ್ಣ ನೋಡ್ರಿ. ನಮ್ಮಜ್ಜ ಹಿಂಗ ಮಾಡತಿದ್ದ. ತೇಪಿ ಗಟ್ಟಿ ಐತ್ರಿ, ಸೋರಿದ್ದು ಅದರ ಬಾಜೂಕ."

ಬಗ್ಗಿ ನೋಡಿದೆ. ಎರಡು ಮೊರದಗಲ. ಅಂಚಿನ ಸುತ್ತ ಹೆಬ್ಬೆರಳಿನ ಒತ್ತು, ರೊಟ್ಟಿಗೆ ಒತ್ತಿದಂತೆ.

ಮೊಳಕಾಲು ನೋವಿನವನು ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಸುಣ್ಣ, ಮರಳು ಹೊತ್ತು ಈ ಪಾವಟಿಗೆಗಳನ್ನು ಎಷ್ಟು ಸಲ ಹತ್ತಿದನೋ. ಮನೆ ಸೋರುತ್ತಿದೆ ಎಂದು ನನಗೆ ಹೇಳಬಹುದಿತ್ತು. ಹೇಗೆ ಹೇಳಿಯಾನು? ಎಲ್ಲರೆದುರು ಉಂಡುಬಿಟ್ಟಿದ್ದ. ನನ್ನ ಮಾನಕ್ಕೆ ಸುಳ್ಳು ಸಾಕ್ಷಿ ಹೇಳಿ, ಆಮೇಲೆ ಅದನ್ನು ನಿಜ ಮಾಡಲು ಕದ್ದು ದುಡಿದಿದ್ದ. ಬೆಲ್ಲ ತಿಂದೆ ಎಂದು ಬೈಸಿಕೊಂಡಿದ್ದ.

"ಇದನ್ನ ಒಡೀಬೇಕಾಕೈತ್ರಿ ಮೇಡಂ. ಸುಣ್ಣದ ಮ್ಯಾಲ ನಮ್ಮ ಕೆಮಿಕಲ್ ಹಿಡಿಯಂಗಿಲ್ಲ." ನಾನು ಆ ಅಂಚಿನ ಮೇಲೆ ಬೆರಳಾಡಿಸುವುದನ್ನು ಕಂಡು ಇಮ್ತಿಯಾಜ್ ಮೆಲ್ಲಗೆ ಕೇಳಿದ, "ಯಾರ್ ಮಾಡಿದ್ರಿ?"

"ನಮ್ಮಪ್ಪ. ಮಾಳಿಗಿ ಗೌಂಡಿ ಇದ್ದ."

ಇಷ್ಟು ವರ್ಷದಲ್ಲಿ ಹೊರಗಿನವರೆದುರು ಆ ಮಾತನ್ನು ಆಡಿದ್ದು ಅದೇ ಮೊದಲು.

"ಹಂಗಾರ ಬಿಡೂನೇನ್ರಿ? ಸುತ್ತ ಅಷ್ಟ ಹಚ್ಚತೇವಿ. ಆದ್ರ ಮುಂದ ಸೋರಿದ್ರ ನಮಗ ಅನಬ್ಯಾಡ್ರಿ."

ಬಿಡಿ ಎನ್ನಲು ಬಾಯಿ ತೆರೆದಿದ್ದೆ. "ನೀರಿಗೆ ನೆಂಟಸ್ತಿಕಿ ಇಲ್ಲ" ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದುದು ನೆನಪಾಯಿತು. ಮನೆ ಒಣಗಿರಲಿ ಎಂದು ಹಾಕಿದ ತೇಪೆ ಅದು, ಪೂಜೆ ಮಾಡಲಿ ಎಂದಲ್ಲ.

"ಒಡೀರಿ" ಎಂದೆ.

ಗಚ್ಚು ಸುಲಭಕ್ಕೆ ಬಿಡಲಿಲ್ಲ. ಇಬ್ಬರು ಬೆವರಿಳಿಸಿಕೊಂಡು ಉಳಿ ಹೊಡೆದರು. ನಾನು ಕೆಳಗೆ ಅಡುಗೆಮನೆಯಲ್ಲಿ ನಿಂತು ಕೊನೆಯ ಏಟಿನವರೆಗೂ ಕೇಳಿದೆ.

ನಾಲ್ಕನೆಯ ದಿನ ಇಳಿಜಾರು ಸರಿಮಾಡಿ, ಕೆಮಿಕಲ್ ಬಳಿದು ಮುಗಿಸಿದರು. ಊಟಕ್ಕೆ ಕೂರಿಸಿ ಅಪ್ಪನ ನೇಮ ಹೇಳಿದೆ. ಇಮ್ತಿಯಾಜ್ ರೊಟ್ಟಿ ಮುರಿಯುತ್ತ ನಕ್ಕ. "ಹಂಗ ನಡೆದ್ರ ನಾವು ಬ್ಯಾಸಿಗಿ ತುಂಬ ಉಪವಾಸನ ರೀ ಮೇಡಂ. ಗ್ಯಾರಂಟಿ ಕಾರ್ಡ್ ಕೊಟ್ಟೇವಲ್ಲ, ಪಲ್ಯಾ ಹಾಕ್ರಿ." ಚೆನ್ನಾಗಿ ಉಂಡು ಹೋದರು.

ಮೊನ್ನೆ ಭಾನುವಾರ ಮಧ್ಯಾಹ್ನ ಮೊದಲ ದೊಡ್ಡ ಮಳೆ ಹೊಡೆಯಿತು. ಅಪ್ಪನ ಮಂಚವನ್ನು ನಡುವಿನಿಂದ ಎಳೆದು ಮೂಲೆಗೆ ಹಾಕಿದೆ. ಅದರ ಮೇಲೆ ಕುಳಿತು ತಲೆಯೆತ್ತಿ ನೋಡುತ್ತಿದ್ದೆ. ಅಷ್ಟರಲ್ಲಿ ಫೋನು ಬಂತು.

"ಮೇಡಂ, ನಾ ಇಮ್ತಿಯಾಜ್ ರೀ. ನಿಮ್ಮ ಕಡೆ ಮಳಿ ಐತೇನ್ರಿ? ಸೋರಾಕತ್ತೈತೇನು?"

"ಇಲ್ಲಪ್ಪ. ಒಂದು ಹನಿಯೂ ಇಲ್ಲ."

"ಹಂಗಾರ ಅವತ್ತಿನ ಊಟ ಈಗ ನಮಗ ದಕ್ಕಿತು ನೋಡ್ರಿ."

ಫೋನಿಟ್ಟು ಅಡುಗೆಮನೆಗೆ ಹೋದೆ. ಕುರ್ಚಿ ಹಾಕಿ ಹತ್ತಿ, ಬೆಲ್ಲದ ಡಬ್ಬಿಯನ್ನು ಕೆಳಗಿಳಿಸಿ, ಕೈಗೆ ಎಟುಕುವಲ್ಲಿ ಇಟ್ಟೆ. ಒಲೆಯ ಮೇಲೆ ಹುಗ್ಗಿಗೆ ಇಟ್ಟೆ. ಗೋಧಿ ಬೇಯುವವರೆಗೂ ಮಳೆ ಬರುತ್ತಲೇ ಇತ್ತು.